ಸಂದೇಹವಿದ್ದೂ ರೋಗಿಗಳ ಮನೆಗೆ ಹೋಗುತ್ತ ಬಂದ ನನ್ನ ಅನುಭವ

ಹುಬ್ಬಳ್ಳಿಯ ನಮ್ಮ ಕ್ರೈಸ್ತ ಸಭೆಯಲ್ಲಿ ರೋಗಿಗಳನ್ನು, ಮನೆಯಿಂದ ಹೊರಬರಲಾಗದ ಮುಪ್ಪಿನವರನ್ನು ಮತ್ತು ಸಾವು ಕಂಡ ಕುಟುಂಬಗಳನ್ನು ಭೇಟಿ ಮಾಡುವ ಸಣ್ಣ ಗುಂಪೊಂದಿದೆ. ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತಳಾದ ಮೇಲೆ ಅದರ ಹೊಣೆ ನನಗೆ ಬಂತು. ಸಭಾಪಾಲಕರು ಊರಲ್ಲಿಲ್ಲದ ಭಾನುವಾರಗಳಲ್ಲಿ ಪ್ರಸಂಗ ಮಾಡುವುದೂ ಉಂಟು. ಇಷ್ಟು ಕಂಡರೆ ಸಾಕು, ಜನ ನನ್ನನ್ನು ಗಟ್ಟಿ ನಂಬಿಕೆಯವಳೆಂದು ತೀರ್ಮಾನಿಸಿಬಿಡುತ್ತಾರೆ. ಆದರೆ ದೇವರು ನಮ್ಮ ಪ್ರಾರ್ಥನೆಯನ್ನು ಕೇಳುತ್ತಾನೆಯೇ, ಕೇಳುವುದಾದರೆ ಒಂದು ಮನೆಗೆ ಉತ್ತರ ಕೊಟ್ಟು ಪಕ್ಕದ ಮನೆಯನ್ನು ಏಕೆ ಕೈಬಿಡುತ್ತಾನೆ ಎಂಬ ಸಂದೇಹ ನನ್ನೊಳಗೆ ಬಹಳ ವರ್ಷಗಳಿಂದ ಇದೆ, ಈಗಲೂ ಇದೆ. ಅದನ್ನು ಬಗೆಹರಿಸಿಕೊಂಡ ಮೇಲೆ ಸೇವೆಗೆ ಇಳಿಯೋಣವೆಂದು ಕಾದಿದ್ದರೆ ನಾನು ಯಾರ ಬಾಗಿಲನ್ನೂ ತಟ್ಟುತ್ತಿರಲಿಲ್ಲ. ಸಂದೇಹವನ್ನು ಹಾಗೆಯೇ ಇಟ್ಟುಕೊಂಡು ಈ ಕೆಲಸವನ್ನು ಹೇಗೆ ಮಾಡುತ್ತ ಬಂದೆ ಎಂದು, ಅದೇ ಸ್ಥಿತಿಯಲ್ಲಿರುವ ಕೆಲವು ಕಿರಿಯರು ಕೇಳುತ್ತಿರುವುದರಿಂದ, ಬರೆಯುತ್ತಿದ್ದೇನೆ.

ನನ್ನದು ಪುಸ್ತಕ ಓದಿ ಹುಟ್ಟಿದ ಸಂದೇಹವಲ್ಲ. ಜೀವವಿಕಾಸದ ಪಾಠ ಮಾಡುವವಳಿಗೆ ಲೋಕದ ಸೃಷ್ಟಿಯನ್ನು ಹೇಳುವ, ಬೈಬಲಿನ ಆದಿಕಾಂಡದ ಮೊದಲ ಅಧ್ಯಾಯಗಳು ಅಡ್ಡಿಯಾಗಿರಬೇಕೆಂದು ಕೆಲವರು ಊಹಿಸುತ್ತಾರೆ. ಆ ವಿಷಯದಲ್ಲಿ ನನಗೆ ಎಂದೂ ನಿದ್ದೆ ಕೆಟ್ಟದ್ದಿಲ್ಲ. ನಿದ್ದೆ ಕೆಡಿಸಿದ್ದು ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ ನನ್ನ ಒಬ್ಬ ವಿದ್ಯಾರ್ಥಿನಿಯ ಸಾವು. ಆ ಹುಡುಗಿಗಾಗಿ ಸಭೆಯವರು ಉಪವಾಸ ಪ್ರಾರ್ಥನೆ ನಡೆಸಿದ್ದರು, ಸರದಿಯ ಮೇಲೆ ಮನೆಮನೆಗಳಲ್ಲಿ ರಾತ್ರಿಯಿಡೀ ಮೊಣಕಾಲೂರಿದ್ದರು. ಮಣ್ಣು ಮಾಡಿ ಬಂದ ವಾರದಲ್ಲೇ, ಹೊರಗಿನಿಂದ ಬಂದ ಪ್ರಸಂಗಿಯೊಬ್ಬರು ಅವಳ ತಾಯಿಯ ಎದುರು ಕುರ್ಚಿ ಎಳೆದುಕೊಂಡು ಕುಳಿತು, ಸಾಸಿವೆ ಕಾಳಿನಷ್ಟು ನಂಬಿಕೆ ಇದ್ದಿದ್ದರೆ ಏನೆಲ್ಲ ಆಗುತ್ತಿತ್ತೆಂದು ವಿವರಿಸತೊಡಗಿದರು. ಆ ತಾಯಿ ಏನೂ ಹೇಳದೆ, ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ಬಿಚ್ಚುತ್ತ ಕುಳಿತಿದ್ದರು. ಮಗಳನ್ನು ಕಳೆದುಕೊಂಡವರ ತಲೆಯ ಮೇಲೆ ಮಗಳ ಸಾವಿನ ಹೊಣೆಯನ್ನೂ ಹೊರಿಸಿದ ಆ ಮಾತುಗಳ ಹಿಂದೆ ಎಳ್ಳಷ್ಟೂ ಸಂದೇಹ ಇರಲಿಲ್ಲ. ಅಂದಿನಿಂದ, ಸಂದೇಹವು ಪ್ರೀತಿಗೆ ಶತ್ರು ಎಂದು ಪ್ರಸಂಗಪೀಠದಿಂದ ಯಾರೇ ಹೇಳಲಿ, ನಾನು ಒಪ್ಪಿಕೊಂಡಿಲ್ಲ.

ಆಮೇಲೆ ಸತ್ಯವೇದವನ್ನು, ಅಂದರೆ ಬೈಬಲನ್ನು, ಓದುವಾಗ, ಮೊದಲು ಕಣ್ಣು ಹಾಯಿಸಿ ಮುಂದೆ ಹೋಗುತ್ತಿದ್ದ ಸಾಲುಗಳು ನನ್ನನ್ನು ನಿಲ್ಲಿಸತೊಡಗಿದವು. ಮತ್ತಾಯನ ಸುವಾರ್ತೆಯ ಕೊನೆಯಲ್ಲಿ ಗಲಿಲಾಯದ ಬೆಟ್ಟದ ಮೇಲೆ ಶಿಷ್ಯರು ಪುನರುತ್ಥಾನವಾದ ಕ್ರಿಸ್ತನನ್ನು ಕಂಡು ಅಡ್ಡಬೀಳುತ್ತಾರೆ, ಆದರೆ ಕೆಲವರು ಸಂದೇಹಪಟ್ಟರು ಎಂದು ಅದೇ ವಚನ ಹೇಳುತ್ತದೆ. ಎಲ್ಲ ಜನಾಂಗಗಳನ್ನು ಶಿಷ್ಯರನ್ನಾಗಿ ಮಾಡಿರಿ ಎಂಬ, ಮಹಾ ಆಜ್ಞೆ ಎಂದು ನಾವು ಹಾಡಿ ಹೊಗಳುವ ಮಾತುಗಳನ್ನು ಯೇಸು ಹೇಳಿದ್ದು ಈ ಬೆರಕೆ ಗುಂಪಿಗೆ. ಸಂದೇಹಪಟ್ಟವರನ್ನು ಪಕ್ಕಕ್ಕೆ ನಿಲ್ಲಿಸಿ ಉಳಿದವರಿಗೆ ಹೇಳಿದ್ದಲ್ಲ. ಯೇಸುವಿಗೆ ದೀಕ್ಷಾಸ್ನಾನ ಮಾಡಿಸಿದ ಸ್ನಾನಿಕ ಯೋಹಾನನೇ ಸೆರೆಮನೆಯಿಂದ ಶಿಷ್ಯರನ್ನು ಕಳಿಸಿ, ಬರಬೇಕಾದವನು ನೀನೋ, ನಾವು ಬೇರೊಬ್ಬನಿಗಾಗಿ ಕಾಯಬೇಕೋ ಎಂದು ಕೇಳಿಸಿದ. ಸಂದೇಹಪಡುವವರಿಗೆ ಕರುಣೆ ತೋರಿಸಿರಿ ಎಂದು ಯೂದನ ಪುಟ್ಟ ಪತ್ರಿಕೆಯ 22ನೆಯ ವಚನ ಹೇಳುತ್ತದೆ. ಸಂದೇಹಪಟ್ಟು ಅಲೆಯಂತೆ ಅತ್ತಿತ್ತ ಹೊಯ್ದಾಡುವವನಿಗೆ ದೇವರಿಂದ ಏನೂ ಸಿಗದೆಂದು ಯಾಕೋಬನು ತನ್ನ ಪತ್ರಿಕೆಯಲ್ಲಿ ಬರೆದದ್ದನ್ನು ಬಾಯಿಪಾಠ ಹೇಳುವವರಿಗೆ ಯೂದನ ಈ ವಚನ ನೆನಪಿಗೆ ಬರುವುದು ಅಪರೂಪ.

ನನಗೆ ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬಂದದ್ದು ಯೇಸುವಿನ ಶಿಷ್ಯ ತೋಮನ ಕಥೆ. ಈಸ್ಟರ್ ನಂತರದ ಭಾನುವಾರ ಯೋಹಾನನ 20ನೆಯ ಅಧ್ಯಾಯವನ್ನು ಓದಿ, ಅವನನ್ನು ಗದರಿಸಿ, ಕಾಣದೆ ನಂಬಿದವರು ಧನ್ಯರು ಎಂದು ಮುಗಿಸುವುದು ನಮ್ಮಲ್ಲಿ ವಾಡಿಕೆ. ಅಲ್ಲಿ ಎರಡು ದೃಶ್ಯಗಳ ನಡುವೆ ಎಂಟು ದಿನಗಳ ಅಂತರವಿದೆ. ಉಳಿದ ಹತ್ತು ಮಂದಿ ಶಿಷ್ಯರು ಪುನರುತ್ಥಾನವಾದ ಕರ್ತನನ್ನು ಕಂಡಿದ್ದಾರೆ, ಇವನು ಕಂಡಿಲ್ಲ, ಗಾಯದೊಳಗೆ ಬೆರಳಿಡದೆ ನಂಬುವುದಿಲ್ಲವೆಂದು ಮುಖಕ್ಕೇ ಹೇಳಿದ್ದಾನೆ. ಹಾಗಿದ್ದೂ ಎಂಟು ದಿನಗಳಾದ ಮೇಲೆ ಅವನು ಅದೇ ಮನೆಯಲ್ಲಿ, ಅದೇ ಮುಚ್ಚಿದ ಬಾಗಿಲಿನ ಹಿಂದೆ, ಅವರ ಜೊತೆಗೇ ಇದ್ದಾನೆ. ಅವರು ಪ್ರಾರ್ಥಿಸುವಾಗ ಅವನು ಏನು ಮಾಡುತ್ತಿದ್ದ, ಊಟಕ್ಕೆ ಕುಳಿತಾಗ ಮಾತು ಹೇಗೆ ಸಾಗುತ್ತಿತ್ತು ಎಂದು ಸುವಾರ್ತೆ ಹೇಳುವುದಿಲ್ಲ. ಅವರು ಅವನನ್ನು ಹೊರಗೆ ಹಾಕಲಿಲ್ಲ, ಅವನೂ ಎದ್ದು ಹೋಗಲಿಲ್ಲ ಎಂಬಷ್ಟು ಮಾತ್ರ ಖಚಿತ. ನಮ್ಮ ಗುಂಪು ಮಾಡುವ ಕೆಲಸವನ್ನು ನಾನು ಆ ಎಂಟು ದಿನಗಳ ಕೆಲಸವೆಂದೇ ತಿಳಿದಿದ್ದೇನೆ, ಮತ್ತು ಆ ಮನೆಯಲ್ಲಿ ನನ್ನ ಜಾಗ ಒಮ್ಮೆ ಹತ್ತು ಮಂದಿಯ ಕಡೆ, ಒಮ್ಮೆ ತೋಮನ ಕಡೆ.

ಭೇಟಿಯ ಮೊದಲ ನಿಯಮವನ್ನು, ಮಕ್ಕಳು, ಆಸ್ತಿ, ಆರೋಗ್ಯ ಎಲ್ಲವನ್ನೂ ಕಳೆದುಕೊಂಡ ಯೋಬನ ಗೆಳೆಯರಿಂದ ಕಲಿತೆ. ಆ ಮೂವರೂ ಬಂದು ಏಳು ಹಗಲು ಏಳು ರಾತ್ರಿ ಅವನೊಡನೆ ನೆಲದ ಮೇಲೆ ಸುಮ್ಮನೆ ಕುಳಿತರು. ಅಲ್ಲಿಯವರೆಗೆ ಅವರು ಒಳ್ಳೆಯ ಗೆಳೆಯರೇ. ಬಾಯಿ ತೆರೆದು ಕಾರಣ ಹೇಳಲು ಹೊರಟ ಮೇಲೆ ಕೆಟ್ಟರು, ಮತ್ತು ಕೊನೆಯ ಅಧ್ಯಾಯದಲ್ಲಿ ದೇವರ ಸಿಟ್ಟು ತಿರುಗುವುದು ಪ್ರಶ್ನೆ ಕೇಳಿದ ಯೋಬನ ಮೇಲಲ್ಲ, ದೇವರ ಪರವಾಗಿ ವಾದಿಸಿದ ಇವರ ಮೇಲೆ. ಆದ್ದರಿಂದ ನಮ್ಮ ಗುಂಪಿನಲ್ಲಿ ಕಾರಣ ಹೇಳುವುದನ್ನು ಬಿಟ್ಟಿದ್ದೇವೆ. ದೇವರ ಚಿತ್ತ, ಪರೀಕ್ಷೆ, ಒಳ್ಳೆಯವರನ್ನು ಬೇಗ ಕರೆದುಕೊಳ್ಳುತ್ತಾನೆ, ಇದರಲ್ಲೂ ಏನೋ ಉದ್ದೇಶವಿದೆ ಎಂಬ ಮಾತುಗಳನ್ನು ಮನೆಯವರೇ ಆಡಿದರೆ ಕೇಳಿಸಿಕೊಳ್ಳುತ್ತೇವೆ, ಅಲ್ಲಗಳೆಯುವುದಿಲ್ಲ; ನಾವಾಗಿ ಆಡುವುದಿಲ್ಲ. ಕುರ್ಚಿಯ ಮೇಲೆ ಕುಳಿತು ಹಾಸಿಗೆಯತ್ತ ಬಗ್ಗಿ ನೋಡುವ ಬದಲು, ರೋಗಿ ಚಾಪೆಯ ಮೇಲಿದ್ದರೆ ಚಾಪೆಯ ಅಂಚಿಗೇ ಕೂರುತ್ತೇವೆ. ಗಡಿಯಾರ ನೋಡಿಕೊಳ್ಳುವವರಿದ್ದರೆ ಅಂದು ಬರಬೇಡಿರೆಂದೇ ಹೇಳುತ್ತೇನೆ.

ಸುಮ್ಮನೆ ಕೂರುವುದು ಪ್ರೀತಿಯ ಅರ್ಧ ಭಾಗ ಮಾತ್ರ. ಹಸಿದವನಿಗೆ ಏನನ್ನೂ ಕೊಡದೆ ಸಮಾಧಾನದಿಂದ ಹೋಗು, ಹೊಟ್ಟೆ ತುಂಬಿಸಿಕೋ ಎಂದು ಹೇಳಿ ಕಳಿಸುವುದರಿಂದ ಏನು ಪ್ರಯೋಜನವೆಂದು ಯಾಕೋಬನು ಕೇಳುತ್ತಾನೆ. ಲೂಕನ 10ನೆಯ ಅಧ್ಯಾಯದಲ್ಲಿ, ಕಳ್ಳರು ಹೊಡೆದು ದಾರಿಯಲ್ಲಿ ಬಿಟ್ಟುಹೋದವನನ್ನು ಕಂಡ ಸಮಾರ್ಯದವನು ಎಣ್ಣೆ, ದ್ರಾಕ್ಷಾರಸ ಹೊಯ್ದು ಗಾಯ ಕಟ್ಟಿದ, ತನ್ನ ವಾಹನದ ಮೇಲೆ ಕೂರಿಸಿದ, ಛತ್ರದವನಿಗೆ ಎರಡು ದಿನಗಳ ಕೂಲಿಯಷ್ಟು ಹಣ ಕೊಟ್ಟ, ಹೆಚ್ಚಿಗೆ ಖರ್ಚಾದರೆ ಮರಳಿ ಬರುವಾಗ ಕೊಡುವೆನೆಂದ. ಗಾಯಾಳುವಿಗೆ ಅವನು ಹೇಳಿದ ಒಂದು ಮಾತೂ ಆ ಕಥೆಯಲ್ಲಿಲ್ಲ. ಇದನ್ನು ನಮ್ಮ ಊರಿನ ಲೆಕ್ಕಕ್ಕೆ ಇಳಿಸಿದರೆ ಏನಾಗುತ್ತದೆ ಎಂಬುದನ್ನು ರೈಲ್ವೆ ಕಾರ್ಯಾಗಾರದಿಂದ ನಿವೃತ್ತರಾಗಿದ್ದ ಒಬ್ಬ ಹಿರಿಯರಿಂದ ತಿಳಿದುಕೊಂಡೆ. ಎರಡೂ ಮೂತ್ರಪಿಂಡ ಕೆಟ್ಟು ಅವರು ಡಯಾಲಿಸಿಸ್‌ಗೆ ಹೋಗುತ್ತಿದ್ದರು. ಒಂದು ಸಲಕ್ಕೆ ಸುಮಾರು ನಾಲ್ಕು ತಾಸು, ಹೋಗಿಬರುವುದು ಸೇರಿದರೆ ಒಂದು ಹಗಲು ಪೂರ್ತಿ. ಸಭೆಯವರು ಪ್ರೀತಿಯಿಂದಲೇ ಎಳನೀರು, ಬಾಳೆಹಣ್ಣು, ಮೋಸಂಬಿ ಹಿಡಿದುಕೊಂಡು ಬರುತ್ತಿದ್ದರು. ಮೂತ್ರಪಿಂಡ ಕೈಕೊಟ್ಟವರ ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯವೇ ನಿಂತುಹೋಗಬಹುದು, ಮತ್ತು ಎಳನೀರಿನಲ್ಲಿ ಅದು ಧಾರಾಳವಾಗಿದೆ. ಅವರ ಹೆಂಡತಿ ತರಕಾರಿಯನ್ನು ಸಣ್ಣಗೆ ಹೆಚ್ಚಿ, ನೀರಲ್ಲಿ ನೆನೆಹಾಕಿ, ಬೇಯಿಸಿದ ನೀರನ್ನೂ ಚೆಲ್ಲಿ ಅಡುಗೆ ಮಾಡುತ್ತಿದ್ದರು; ಬೇಡವೆಂದರೆ ಭೇಟಿಗೆ ಬಂದವರು ನೊಂದುಕೊಳ್ಳುತ್ತಾರೆಂದು ಹಣ್ಣನ್ನೆಲ್ಲ ತೆಗೆದಿಟ್ಟು ಓಣಿಯ ಮಕ್ಕಳಿಗೆ ಹಂಚುತ್ತಿದ್ದರು. ನೀರನ್ನು ಅಳೆದು ಕುಡಿಯಬೇಕಾದ ಮನುಷ್ಯನ ಮುಂದೆ ನಾವು ದೊಡ್ಡ ಲೋಟದಲ್ಲಿ ಚಹಾ ಕುಡಿಯುತ್ತ ಕುಳಿತಿರುತ್ತಿದ್ದೆವು.

ಇನ್ನೊಂದು ವಿವರವನ್ನೂ ಹೇಳಬೇಕು. ಡಯಾಲಿಸಿಸ್‌ಗಾಗಿ ತೋಳಿನಲ್ಲಿ ಅಪಧಮನಿ ಮತ್ತು ಅಭಿಧಮನಿಯನ್ನು ಶಸ್ತ್ರಚಿಕಿತ್ಸೆಯಿಂದ ಜೋಡಿಸಿರುತ್ತಾರೆ. ಮೆಲ್ಲನೆ ಬೆರಳಿಟ್ಟರೆ ಚರ್ಮದಡಿಯಲ್ಲಿ ಜುಮ್ಮೆನ್ನುವ ಹರಿವು ತಿಳಿಯುತ್ತದೆ. ಆ ತೋಳಿನಲ್ಲಿ ರಕ್ತದೊತ್ತಡ ನೋಡಬಾರದು, ಭಾರ ಎತ್ತಿಸಬಾರದು, ಒತ್ತಿ ಹಿಡಿಯಬಾರದು. ನಮ್ಮಲ್ಲಿ ಪ್ರಾರ್ಥನೆಗೆ ನಿಂತರೆ ಸಾಕು, ಆವೇಶದಿಂದ ರೋಗಿಯ ಕೈಯನ್ನು ಬಿಗಿಯಾಗಿ ಹಿಡಿಯುವುದು ರೂಢಿ, ಅದೂ ಹತ್ತಿರಕ್ಕೆ ಸಿಕ್ಕ ಕೈಯನ್ನು. ಹೊಸದಾಗಿ ಗುಂಪಿಗೆ ಬರುವವರಿಗೆ ನಾನು ಪ್ರಾರ್ಥನೆ ಮಾಡುವುದನ್ನು ಕಲಿಸುವ ಮೊದಲು ಯಾವ ಕೈ ಹಿಡಿಯಬೇಕೆಂದು ಕೇಳುವುದನ್ನು ಕಲಿಸುತ್ತೇನೆ. ಆ ಹಿರಿಯರಿಗೆ ನಿಜಕ್ಕೂ ಬೇಕಾಗಿದ್ದದ್ದು, ಯಂತ್ರಕ್ಕೆ ಹಾಕಿದಾಗ ಚಳಿ ಹಿಡಿಯುವುದರಿಂದ ಒಂದು ದಪ್ಪ ಹೊದಿಕೆ, ಮುಗಿದ ಮೇಲೆ ರಕ್ತದೊತ್ತಡ ಇಳಿದು ಕಣ್ಣುಕತ್ತಲೆ ಬಂದಾಗ ಮೆಟ್ಟಿಲಿಳಿಸಲು ಒಂದು ತೋಳು, ಮತ್ತು ಆ ನಾಲ್ಕು ತಾಸು ಹೊರಗೆ ಬೆಂಚಿನ ಮೇಲೆ ಕಾಯುವ ಹೆಂಡತಿಗೆ ಒಂದು ಹೊತ್ತಿನ ಊಟದ ಡಬ್ಬಿ. ಇವುಗಳನ್ನು ಸರದಿಯಲ್ಲಿ ಹಂಚಿಕೊಂಡೆವು. ಈ ಕೆಲಸಗಳಲ್ಲಿ ಯಾವುದಕ್ಕೂ ನನ್ನ ಸಂದೇಹ ಅಡ್ಡ ಬರಲಿಲ್ಲ.

ಅವರೇ ಒಂದು ದಿನ ಆಟೋದಲ್ಲಿ ಬರುವಾಗ ಕೇಳಿದರು: "ನನಗ ಯಾಕ ಹಿಂಗಾತು ಅಂತ ದೇವರನ್ನ ಕೇಳಬ್ಯಾಡ ಅಂತಾರ್ರಿ ಎಲ್ಲಾರೂ. ನೀವರ ಹೇಳ್ರಿ ಅಕ್ಕಾರ, ಕೇಳಬಾರದೇನು?"

"ಕೇಳ್ರಿ ಕಾಕಾ. ದಾವೀದ ಕೇಳ್ಯಾನ. ಶಿಲುಬಿ ಮ್ಯಾಲೆ ಯೇಸುಸ್ವಾಮಿನೂ ಕೇಳ್ಯಾನ" ಎಂದೆ.

"ಹಂಗಾದ್ರ ಕೇಳ್ತೀನಿ ತಗೋರಿ" ಎಂದು ಹೇಳಿ ಅವರು ಮನೆ ಬರುವವರೆಗೆ ಕಾರ್ಯಾಗಾರದಲ್ಲಿನ ತಮ್ಮ ಹಳೆಯ ಫೋರ್‌ಮನ್‌ನ ಕಥೆ ಹೇಳಿದರು.

ಪ್ರಾರ್ಥನೆಯ ವಿಷಯವನ್ನು ಜನ ಹೆಚ್ಚಾಗಿ ಕೇಳುತ್ತಾರೆ: ನಿನಗೇ ಅನುಮಾನವಿರುವಾಗ ಇನ್ನೊಬ್ಬರ ಮನೆಯಲ್ಲಿ ಪ್ರಾರ್ಥಿಸುವುದು ಬೂಟಾಟಿಕೆಯಲ್ಲವೇ? ನಾನು ಮಾಡಿಕೊಂಡ ದಾರಿ ಹೀಗಿದೆ. ಮೊದಲು, ಪ್ರಾರ್ಥನೆ ಮಾಡಲೇ ಎಂದು ಕೇಳುತ್ತೇನೆ, ಏನನ್ನು ಬೇಡಲಿ ಎಂದೂ ಕೇಳುತ್ತೇನೆ. ಉತ್ತರ ಹಲವು ಸಲ ಅಚ್ಚರಿ ತರುತ್ತದೆ, ಏಕೆಂದರೆ ಸಾಯುವ ಹಂತದಲ್ಲಿರುವವರು ಗುಣವಾಗಲೆಂದು ಬೇಡಲು ಹೇಳದೆ, ಮಗನಿಗೆ ಪೆಟ್ಟಿಗೆ ಅಂಗಡಿಗೆ ಲೈಸೆನ್ಸ್ ಸಿಗಲೆಂದು ಬೇಡಲು ಹೇಳಿದ್ದುಂಟು. ಗುಣಪಡಿಸು ಎಂದು ಬೇಡುತ್ತೇನೆ, ಗುಣವಾಯಿತೆಂದು ನಂಬಿ ಸ್ತೋತ್ರ ಎಂದು ಹೇಳುವುದಿಲ್ಲ. ಮೊದಲನೆಯದು ನನ್ನ ಆಸೆ, ಅದರಲ್ಲಿ ಸುಳ್ಳಿಲ್ಲ. ಎರಡನೆಯದು ನಾನು ಕೊಡಲಾಗದ ಭರವಸೆ. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸುವೇ, ಈ ಸಂಕಟದ ಪಾತ್ರೆ ನನ್ನಿಂದ ತೊಲಗಲಿ ಎಂದು ಮೂರು ಸಲ ಬೇಡಿಕೊಂಡನು, ಪಾತ್ರೆ ತೊಲಗಲಿಲ್ಲ. ಅವನಿಗೆ ನಂಬಿಕೆ ಸಾಲಲಿಲ್ಲವೆಂದು ಯಾರೂ ಹೇಳಲಾರರು. ನನ್ನ ಸ್ವಂತ ಮಾತು ಬತ್ತಿಹೋದ ದಿನಗಳಲ್ಲಿ ಕೀರ್ತನೆಗಳನ್ನು ಓದುತ್ತೇನೆ. 150 ಕೀರ್ತನೆಗಳಲ್ಲಿ ಮೂರನೆಯ ಒಂದು ಪಾಲಿಗೂ ಹೆಚ್ಚು ಅಳಲು ಮತ್ತು ದೂರಿನವು, ಮತ್ತು 88ನೆಯದಂತೂ ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೊಂದು ಸ್ತೋತ್ರದ ಸಾಲೂ ಇಲ್ಲ. ಅದನ್ನು ಸಾವಿನ ಮನೆಯಲ್ಲಿ ಓದಬಾರದೆಂದು ಹಿರಿಯರೊಬ್ಬರು ಆಕ್ಷೇಪಿಸಿದರು. ಗಂಡನನ್ನು ಕಳೆದುಕೊಂಡಿದ್ದ ಆ ಮನೆಯ ಹೆಂಗಸು ಮಾತ್ರ, ಪುಸ್ತಕ ಇಸಿದುಕೊಂಡು ಆ ಪುಟಕ್ಕೆ ಹಳೆಯ ಬಸ್ ಟಿಕೆಟ್ ಇಟ್ಟುಕೊಂಡರು.

ಬೇರೆ ಧರ್ಮದ ನೆರೆಹೊರೆಯವರ ಮನೆಗಳಿಗೂ ಹೋಗುತ್ತೇವೆ. ಅಲ್ಲಿ ಕರಪತ್ರ ಒಯ್ಯುವುದಿಲ್ಲ, ಅವರಾಗಿ ಕೇಳದೆ ಪ್ರಾರ್ಥಿಸುವುದಿಲ್ಲ, ಸಹಾಯಕ್ಕೆ ಪ್ರತಿಯಾಗಿ ಭಾನುವಾರ ಬನ್ನಿರೆಂದು ಕರೆಯುವುದೂ ಇಲ್ಲ. ಮತಾಂತರದ ಸಂಶಯ ಇರುವ ಕಾಲ ಇದು ಎಂಬುದು ಒಂದು ಕಾರಣವಾದರೂ ಅದು ಮುಖ್ಯವಲ್ಲ; ಏನನ್ನೋ ಗಳಿಸಲು ಮಾಡಿದ ಉಪಕಾರವನ್ನು ಪ್ರೀತಿ ಎನ್ನಲಾಗದು ಎಂಬುದು ಮುಖ್ಯ. ಇದರಿಂದ ಸಭೆಗೆ ಏನು ಲಾಭವೆಂದು ಸಭೆಯ ಲೆಕ್ಕಪತ್ರ ನೋಡುವವರೊಬ್ಬರು ಕೇಳಿದಾಗ, ಏನೂ ಇಲ್ಲ ಎಂದು ಹೇಳಿ ಆಟೋ ಖರ್ಚಿನ ಚೀಟಿ ಕೊಟ್ಟೆ.

ಪ್ರೀತಿಗೆ ನಿಜವಾದ ಪರೀಕ್ಷೆ ಸಭೆಯ ಒಳಗೇ ಇದೆ ಎಂದು ನನ್ನ ಅಭಿಪ್ರಾಯ. 1837ರಲ್ಲಿ ಧಾರವಾಡಕ್ಕೆ ಬಂದ, ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು ಜಾತಿಯನ್ನು ಸಭೆಯೊಳಗೆ ತರಬಾರದೆಂದು ಪಟ್ಟು ಹಿಡಿದವರು. ಹಾಗಿದ್ದೂ ಮದುವೆಯ ಮಾತು ಬಂದಾಗ ಮುತ್ತಜ್ಜನ ಮೂಲ ಯಾವುದೆಂದು ವಿಚಾರಿಸುವುದು ಇವತ್ತಿಗೂ ನಿಂತಿಲ್ಲ, ಮತ್ತು ಕೆಲವು ಮನೆಗಳಿಗೆ ಭೇಟಿಗೆ ಹೋದಾಗ ಇವತ್ತು ಉಪವಾಸ, ಈಗಷ್ಟೇ ಕುಡಿದು ಬಂದೆ, ಸಕ್ಕರೆ ಕಾಯಿಲೆ ಎಂಬ ನೆಪಗಳು ಚಹಾ ಬರುವ ಹೊತ್ತಿಗೇ ಏಳುತ್ತವೆ. ನೆಪ ಯಾವುದು, ನಿಜ ಯಾವುದು ಎಂದು ಆ ಮನೆಯವರಿಗೆ ತಟ್ಟನೆ ಗೊತ್ತಾಗುತ್ತದೆ. ಅವರು ತಲೆತಲಾಂತರದಿಂದ ಕಂಡವರು. ಗಲಾತ್ಯದವರಿಗೆ ಬರೆದ ಪತ್ರಿಕೆಯಲ್ಲಿ ಪೌಲನು ಅಂತಿಯೋಕ್ಯದ ಘಟನೆಯನ್ನು ಹೇಳುತ್ತಾನೆ: ಯೆಹೂದ್ಯರಲ್ಲದ ಅನ್ಯಜನರೊಡನೆ ಊಟ ಮಾಡುತ್ತಿದ್ದ, ಯೇಸುವಿನ ಶಿಷ್ಯನಾದ ಪೇತ್ರನು, ಯೆರೂಸಲೇಮಿನಿಂದ ಯಾಕೋಬನ ಕಡೆಯವರು ಬಂದ ಮೇಲೆ ಹೆದರಿ ಆ ಪಂಕ್ತಿಯಿಂದ ಹಿಂದೆ ಸರಿದ, ಪೌಲನು ಅವನನ್ನು ಎಲ್ಲರ ಮುಂದೆ ಖಂಡಿಸಿದ. ಪೇತ್ರನಿಗೆ ಪುನರುತ್ಥಾನದ ಬಗ್ಗೆ ಸಂದೇಹವಿರಲಿಲ್ಲ, ಅವನು ಕಣ್ಣಾರೆ ಕಂಡವನು. ಆದರೂ ಎಡವಿದ್ದು ಊಟದ ಪಂಕ್ತಿಯಲ್ಲಿ. ನಮ್ಮ ಗುಂಪಿನಲ್ಲಿ ಇದನ್ನು ಓದಿದ ಮೇಲೆ ಒಂದು ಕಟ್ಟಳೆ ಮಾಡಿಕೊಂಡೆವು: ಯಾರ ಮನೆಯಲ್ಲೇ ಆಗಲಿ ಕೊಟ್ಟದ್ದನ್ನು ತೆಗೆದುಕೊಳ್ಳಬೇಕು, ಸಕ್ಕರೆ ಕಾಯಿಲೆ ಇರುವವರು ಸಕ್ಕರೆಯಿಲ್ಲದ ಚಹಾ ಕೇಳಬೇಕು. ಇಬ್ಬರು ಗುಂಪು ಬಿಟ್ಟರು. ಬಿಟ್ಟ ಇಬ್ಬರೂ ವಿಶ್ವಾಸ ಪ್ರಮಾಣವನ್ನು ಗಟ್ಟಿ ದನಿಯಲ್ಲಿ ಹೇಳುವವರೇ.

ಸಂದೇಹದಿಂದಾಗಿ ಆರಾಧನೆಗೆ ಬರುವುದನ್ನೇ ನಿಲ್ಲಿಸಿದ ಒಬ್ಬ ಹುಡುಗನ ವಿಷಯ ಹೇಳಬೇಕು. ಎಂಜಿನಿಯರಿಂಗ್ ಓದುತ್ತಿದ್ದ, ದೇವರಿಲ್ಲವೆಂದು ಮನೆಯಲ್ಲಿ ಹೇಳಿಬಿಟ್ಟಿದ್ದ. ತಾಯಿ ಅಳುತ್ತ ಬಂದು, ಅವನಿಗೆ ಬುದ್ಧಿ ಹೇಳಿರೆಂದು ಕೇಳಿಕೊಂಡರು. ನಾನು ಅವನೊಡನೆ ವಾದಕ್ಕೆ ಕೂರಲಿಲ್ಲ. ಅವನು ಎತ್ತುತ್ತಿದ್ದ ಪ್ರಶ್ನೆಗಳಲ್ಲಿ ಅರ್ಧ ನನ್ನವೇ ಆಗಿದ್ದವು, ಮತ್ತು ನನ್ನಲ್ಲಿಲ್ಲದ ಉತ್ತರವನ್ನು ಇರುವಂತೆ ನಟಿಸಿದರೆ ಆ ವಯಸ್ಸಿನವರಿಗೆ ಕೂಡಲೇ ತಿಳಿಯುತ್ತದೆ. ನನ್ನ ಸಂದೇಹಗಳನ್ನು ಅವನಿಗೆ ಮುಚ್ಚುಮರೆಯಿಲ್ಲದೆ ಹೇಳಿದೆ. ಆಮೇಲೆ, ಕೇಶ್ವಾಪುರದಲ್ಲಿ ಒಬ್ಬ ಮುದುಕಿಗೆ ಔಷಧಿ ತಲುಪಿಸಬೇಕಾಗಿದೆ, ಗಾಡಿ ತರುತ್ತೀಯಾ ಎಂದು ಕೇಳಿದೆ. ತಂದ. ಈಗ ತಿಂಗಳ ಸರದಿಯಲ್ಲಿ ಅವನ ಹೆಸರೂ ಇದೆ. ಅವನು ಆರಾಧನೆಗೆ ಮರಳಿದನೇ ಎಂದು ಕೇಳುವವರಿದ್ದಾರೆ, ಇಲ್ಲ, ಬರುವುದಿಲ್ಲ. ಮನೆಗಳಲ್ಲಿ ನಾವು ಪ್ರಾರ್ಥಿಸುವಾಗ ಅವನು ಹೊರಗೆ ಹೋಗಿ ನಿಲ್ಲುತ್ತಾನೆ, ಒಮ್ಮೊಮ್ಮೆ ಒಳಗೇ ಕಣ್ಣು ತೆರೆದುಕೊಂಡು ನಿಂತಿರುತ್ತಾನೆ. ಅವನ ತಾಯಿಗೆ ಇದರಿಂದ ಪೂರ್ತಿ ಸಮಾಧಾನವಾಗಿಲ್ಲ, ಆದರೆ ಮನೆಯಲ್ಲಿ ತಾಯಿ ಮಗ ಮತ್ತೆ ಒಟ್ಟಿಗೆ ಊಟಕ್ಕೆ ಕೂರುತ್ತಾರೆ.

ನನ್ನ ಸಂದೇಹವನ್ನು ನಾನು ಎಲ್ಲ ಕಡೆ ಹೇಳಿಕೊಂಡು ತಿರುಗುವುದಿಲ್ಲ. ರೋಗಿಯ ಮಗ್ಗುಲಲ್ಲಿ ಕುಳಿತು ನನ್ನ ಒಳತೋಟಿ ತೋಡಿಕೊಳ್ಳುವುದು ಅವರಿಗೆ ಇನ್ನೊಂದು ಹೊರೆ ಕೊಟ್ಟಂತೆ. ಅಲ್ಲಿ ಅವರ ನಂಬಿಕೆಯ ಮಾತು ನಡೆಯಬೇಕು. ಪ್ರಸಂಗ ಮಾಡುವಾಗ, ನನಗೆ ನಿಜವೆನಿಸಿದ್ದನ್ನೇ ಹೇಳುತ್ತೇನೆ, ಉಳಿದದ್ದನ್ನು ಬಲ್ಲವರಿಗೆ ಬಿಡುತ್ತೇನೆ; ಪ್ರೀತಿ, ಕ್ಷಮೆ, ಶಿಲುಬೆಯ ನೋವು, ಬಡವರ ಪರವಾಗಿ ಪ್ರವಾದಿಗಳು ಎತ್ತಿದ ದನಿ, ಇಷ್ಟರ ಮೇಲೆ ಪ್ರಸಂಗ ಮಾಡಲು ವಿಷಯ ಎಂದೂ ಕಡಿಮೆಯಾಗಿಲ್ಲ. ನಿವೃತ್ತ ಸಭಾಪಾಲಕರೊಬ್ಬರ ಬಳಿ ಮಾತ್ರ ಎಲ್ಲವನ್ನೂ ಹೇಳುತ್ತೇನೆ. ಮದರ್ ತೆರೇಸಾ ಅವರು ತೀರಿಕೊಂಡ ಹತ್ತು ವರ್ಷಗಳ ಮೇಲೆ, 2007ರಲ್ಲಿ, ಅವರ ಖಾಸಗಿ ಪತ್ರಗಳು ಪ್ರಕಟವಾಗಿ, ದಶಕಗಳ ಕಾಲ ಅವರಿಗೆ ದೇವರ ಸಾನ್ನಿಧ್ಯದ ಅನುಭವವೇ ಆಗುತ್ತಿರಲಿಲ್ಲವೆಂದು ಜಗತ್ತಿಗೆ ತಿಳಿದಾಗ, ಆ ಸುದ್ದಿಯ ಪತ್ರಿಕೆಯನ್ನು ಕತ್ತರಿಸಿ ನನಗೆ ತಂದುಕೊಟ್ಟವರು ಆ ಸಭಾಪಾಲಕರೇ. ಕೊಲ್ಕತ್ತಾದ ಆ ಕೆಲಸದ ಬಗ್ಗೆ ಟೀಕೆಗಳೂ ಇವೆ, ಕೆಲವು ಸರಿಯೆಂದೇ ನನಗೂ ಅನಿಸುತ್ತದೆ; ಆದರೂ ಅಷ್ಟು ಕಾಲ ಒಳಗೆ ಏನೂ ಕೇಳಿಸದೆ ಒಬ್ಬರು ಪ್ರತಿದಿನ ಎದ್ದು ರೋಗಿಗಳ ಬಳಿಗೆ ಹೋದರು ಎಂಬುದು ನನಗೆ ಯಾವ ಅದ್ಭುತದ ಸಾಕ್ಷಿಗಿಂತಲೂ ಹೆಚ್ಚು ಬಲ ಕೊಟ್ಟಿದೆ.

ಇನ್ನು, ಈ ಕೆಲಸಕ್ಕೆ ಇಳಿಯಬೇಕೆನ್ನುವವರಿಗೆ ಬೇಕಾದ ಸಿದ್ಧತೆಯ ಬಗ್ಗೆ. ನಮ್ಮ ಗುಂಪಿನಲ್ಲಿ ಮೊದಲು ಒಂದು ನೋಟ್‌ಬುಕ್ ಇತ್ತು, ಅದರಲ್ಲಿ ಮನೆಯ ಹೆಸರು ಮತ್ತು ಪ್ರಾರ್ಥನೆಯ ವಿಷಯ ಎಂಬ ಎರಡು ಅಂಕಣಗಳಿದ್ದವು. ಈಗ ಮೂರನೆಯದನ್ನು ಸೇರಿಸಿದ್ದೇವೆ: ಯಾರು, ಯಾವ ದಿನ, ಏನು ಮಾಡಬೇಕು. ಪಿಂಚಣಿಯ ಜೀವಂತ ಪ್ರಮಾಣಪತ್ರ, ಪಡಿತರ ಅಂಗಡಿಯಲ್ಲಿ ಹೆಬ್ಬೆಟ್ಟು ಹೊಂದಿಕೆಯಾಗದ ತಕರಾರು, ರಕ್ತಪರೀಕ್ಷೆಯ ವರದಿ ತರುವುದು, ರಾತ್ರಿ ಆಸ್ಪತ್ರೆಯಲ್ಲಿ ಮಲಗಲು ಒಬ್ಬರು, ಇಂಥವೇ ಹೆಚ್ಚು. ಆ ಅಂಕಣ ಖಾಲಿಯಿದ್ದರೆ ಮನೆಯವರನ್ನು ಸರಿಯಾಗಿ ಕೇಳಲಿಲ್ಲವೆಂದು ಲೆಕ್ಕ, ಮತ್ತೆ ಹೋಗಿ ಕೇಳಿ ಬರಬೇಕು. ಹೊಸಬರಿಗೆ ನಿಮ್ಮ ನಂಬಿಕೆ ಎಷ್ಟು ಗಟ್ಟಿ ಎಂದು ನಾವು ಕೇಳುವುದಿಲ್ಲ. ಗಾಡಿ ಓಡಿಸಲು ಬರುತ್ತದೆಯೇ, ಕೇಳಿದ್ದನ್ನು ಹೊರಗೆ ಆಡದೆ ಇರಬಲ್ಲಿರೇ, ವಾಂತಿ ಮಾಡಿಕೊಂಡದ್ದನ್ನು ಬಳಿಯಲು ಅಸಹ್ಯವಿಲ್ಲವೇ ಎಂದು ಕೇಳುತ್ತೇವೆ. ಸದ್ಯಕ್ಕೆ ಗಾಡಿ ಓಡಿಸುವ ಹೆಂಗಸರು ನಮ್ಮಲ್ಲಿ ಕಡಿಮೆ.